ಮೂಸುಗೊಳವೆಯ ಮುಚ್ಚಳ ತೆಗೆಯದವನಿಗೆ

ಕರೂರು ಕ್ರಾಸ್
ಫೆಬ್ರವರಿ 30, 2149

ಪೆಟ್ರೋಲ್ ಬಂಕಿನ ಮೂಸುಗೊಳವೆ ನೋಡಿಕೊಳ್ಳಬೇಕಾದವನೇ,

ತಾರೀಖು ನೋಡಿ ನಗಬೇಡ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನೀರಿನ ಸರದಿ ಸರಿಯಾಗಿ ಕೂಡಲೆಂದು ಹಿರಿಯರು ಹಾಗೆ ಮಾಡಿದರು. ನನ್ನ ಮಾತುಗಳು ನಿನಗೆ ವಿಚಿತ್ರ ಅನ್ನಿಸಿದರೆ ಕ್ಷಮೆ ಇರಲಿ. ತಲೆಮಾರಿನ ಲೆಕ್ಕ ಹಿಡಿದರೆ ನೂರು ವರ್ಷಕ್ಕೂ ಹಿಂದಿನ ನೀನು ನನ್ನ ಮುತ್ತಜ್ಜನಿಗೂ ಹಿರಿಯ, ಬಹುವಚನ ಕೊಡಬೇಕಾದವನು. ಕೊಡುವುದಿಲ್ಲ. ಮೈಯೆಲ್ಲ ಉರಿಯುತ್ತಿದೆ ನನಗೆ. ನನ್ನ ಮಗಳು ಹೊನ್ನವ್ವ ಸತ್ತಿದ್ದಾಳೆ, ಅವಳನ್ನು ಉಳಿಸುವುದು ನಿನ್ನೊಬ್ಬನಿಂದ ಮಾತ್ರ ಸಾಧ್ಯ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕಾಶವ್ವ, ಈ ಓಣಿಯ ಹಂಚುಗಾರ್ತಿ. ಅಂದರೆ ಬಾವಿಕಟ್ಟೆಯ ಮೇಲೆ ಕೂತು ಮನೆಗೆ ಎರಡು ಕೊಡದಂತೆ ನೀರು ಅಳೆದು ಕೊಡುವವಳು. ನಲ್ಲಿ ತಿರುಗಿಸಿಟ್ಟು ಹರಟೆ ಹೊಡೆಯುವ ನಿಮ್ಮ ಭಾಗ್ಯ ನಮಗಿಲ್ಲ. ಕಾಯಿಪಲ್ಯ ತೊಳೆದ ನೀರಲ್ಲೇ ಪಾತ್ರೆ ಬೆಳಗುತ್ತೇವೆ, ಅದನ್ನೇ ಹಿತ್ತಲ ಬಳ್ಳಿಗೆ ಸುರಿಯುತ್ತೇವೆ. ನಮ್ಮಲ್ಲಿ ಬಿಸಿಲುಬಂದ್ ಎಂಬ ಕಟ್ಟು ಇದೆ, ನಡುಹಗಲು ಯಾರೂ ಬೀದಿಗಿಳಿಯುವಂತಿಲ್ಲ. ಅದು ಮುಗಿದದ್ದೇ ಊರೆಲ್ಲ ಬಾವಿಗೆ ಬರುತ್ತದೆ. ಅಲ್ಲೇ ಜಗಳ, ಅಲ್ಲೇ ಮದುವೆ ಮಾತುಕತೆ. ಎಣ್ಣೆ ಕುಡಿಯುವ ಗಾಡಿಗಳು ನಮ್ಮಜ್ಜಿ ಹುಟ್ಟುವ ಮೊದಲೇ ನಿಂತುಹೋದವು. ಪೆಟ್ರೋಲಿನ ವಾಸನೆ ಎಂಥದೆಂದು ನಮ್ಮೂರಲ್ಲಿ ಒಂದು ಮೂಗಿಗೂ ಗೊತ್ತಿಲ್ಲ.

ಹೋದ ಬೇಸಿಗೆಯಲ್ಲಿ ನೀರು ವಾಸನೆ ಹೊಡೆಯತೊಡಗಿತು. ಮೂಗಿಗೆ ಸಿಹಿ, ಬಾಯಿಗೆ ಕಹಿ. ಕುಡಿದ ಮಕ್ಕಳು ವಾಂತಿ ಮಾಡಿಕೊಂಡು ತಲೆ ತಿರುಗಿ ಬಿದ್ದವು. ಕೊಡದ ಮೇಲೆ ಬಣ್ಣಬಣ್ಣದ ತೆಳ್ಳನೆ ಪದರ ತೇಲಿತು. ಬಣ್ಣ ಕಂಡದ್ದೇ ತಡ, ಜನ ಬಾವಿ ಪಕ್ಕದ ಬಣ್ಣಗಾರ ಫಕೀರಪ್ಪನ ಮನೆಗೆ ನುಗ್ಗಿದರು. ನೂಲಿಗೆ ಬಣ್ಣ ಹಾಕಿ ಹೊಟ್ಟೆ ಹೊರೆಯುವ ಬಡಪಾಯಿ ಅವನು. ಹಂಡೆಗಳನ್ನು ಒಡೆದರು. ಅವನನ್ನು ಅಂಗಾತ ಕೆಡವಿ, ಊರಿಗೆ ಕುಡಿಸಿದ್ದನ್ನು ನೀನೂ ಕುಡಿ ಎಂದು ಬಾಯಿಗೆ ನೀಲಿ ಬಣ್ಣ ಸುರಿದರು. ಒನಕೆಯಿಂದ ಬಲಗೈ ಜಜ್ಜಿದರು. ನನ್ನ ಹೊನ್ನವ್ವ ಒಬ್ಬಳೇ ಅಡ್ಡ ಹೋಗಿ ಬೆನ್ನಿಗೆ ಏಟು ತಿಂದಳು. ಬಾವಿಗೆ ನಾನೇ ಇಳಿದು ಕೆಸರು ತೆಗೆದು ತೋರಿಸುತ್ತೇನೆ, ಇವನ ಬಣ್ಣ ಸಿಕ್ಕರೆ ಆಗ ಮಾತಾಡಿ ಎಂದಳು.

ಬಾವಿಗೆ ಇಳಿಯುವ ಮುಂಚೆ ದೀಪ ಇಳಿಸುವುದು ನಮ್ಮ ಪದ್ಧತಿ, ನಿಮ್ಮಿಂದಲೇ ಬಂದದ್ದು. ಕಂದೀಲಿಗೆ ಹಗ್ಗ ಕಟ್ಟಿ ಬಿಡುತ್ತೇವೆ. ಆರಿದರೆ ಒಳಗೆ ಉಸಿರಾಡುವ ಗಾಳಿಯಿಲ್ಲ, ಉರಿದರೆ ಇಳಿಯಬಹುದು. ಎಷ್ಟೋ ಜನರ ಜೀವ ಉಳಿಸಿದ ಪದ್ಧತಿ. ಹೊನ್ನವ್ವ ಸೆರಗು ಬಿಗಿದು, ಕಟ್ಟೆಯ ಮೇಲೆ ಬಗ್ಗಿ ದೀಪ ಬಿಟ್ಟಳು. ದೀಪ ಆರಲಿಲ್ಲ, ಬಾವಿಯೇ ಹೊತ್ತಿಕೊಂಡಿತು. ಢಂ ಎಂದ ಹೊಡೆತಕ್ಕೆ ಕಟ್ಟೆಯ ಕಲ್ಲು ಹಾರಿ ಮನೆಗಳ ಹಂಚು ಪುಡಿಯಾಯಿತು. ಮಗಳ ಕೂದಲು, ಸೀರೆ, ಮುಖ ಒಟ್ಟಿಗೇ ಹತ್ತಿದವು. ಬರಿಗೈಯಿಂದ ಬಡಿದು ಆರಿಸಿದೆ. ಅವಳ ಚರ್ಮ ನನ್ನ ಅಂಗೈಗೆ ಅಂಟಿಕೊಂಡು ಬಂತು. ಅಯ್ಯೋ ಯಪ್ಪಾ, ಯಾವ ತಾಯಿಗೂ ಬೇಡ. ಸಂಜೆಯತನಕ ನೀರು ನೀರು ಅಂದಳು. ಕೊಡಲು ಒಳ್ಳೆಯ ನೀರಿರಲಿಲ್ಲ.

ಬಾವಿ ಇನ್ನೂ ಉರಿಯುತ್ತಿದ್ದಾಗಲೇ, ಅದಕ್ಕೆ ಸಿಡಿಮದ್ದು ಹಾಕಿದ್ದು ಫಕೀರಪ್ಪನೇ ಎಂದು ಯಾರೋ ಕೂಗಿದ್ದರು. ಮುರಿದ ಕೈ ಜೋತಾಡಿಸುತ್ತ, ಇನ್ನೊಂದರಿಂದ ಬೆಂಕಿಗೆ ಮಣ್ಣು ಎರಚುತ್ತಿದ್ದ ಅವನು. ಅಲ್ಲೇ ಕಲ್ಲು ಎತ್ತಿ ಹಾಕಿ ಕೊಂದರು. ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನಾನು ಬೇಡ ಬೇಡ ಎಂದು ಕಿರುಚಿದೆ, ಯಾರೂ ಕೇಳಲಿಲ್ಲ.

ಆಮೇಲೆ ಮಣ್ಣೋದುಗರು ಬಂದರು. ನೆಲ ಅಗೆದು, ಹಿಂದಿನವರು ಏನೇನು ಹೂತು ಹೋದರೆಂದು ಪತ್ತೆ ಹಚ್ಚುವವರು ಅವರು. ಬಾವಿಯಿಂದ ತುಸು ಮೇಲ್ಗಡೆ ನಿಮ್ಮ ಬಂಕಿನ ಟ್ಯಾಂಕ್ ಸಿಕ್ಕಿತು, ಅಡಿಯಲ್ಲಿ ಬೆರಳು ತೂರುವಷ್ಟು ತೂತು. ನಿನ್ನ ಕಾಲದಲ್ಲೇ ಜಿನುಗತೊಡಗಿತ್ತಂತೆ. ಸೋರುತ್ತಿದೆಯೆಂದು ಯಾರೂ ಹೇಳದ್ದರಿಂದ, ಮುಂದೆ ಬಂಕ್ ಮುಚ್ಚಿದವರು ಉಳಿದ ಪೆಟ್ರೋಲಿನ ಸಮೇತ ಮೇಲೆ ಮಣ್ಣು ಎಳೆದು ಹೋದರು. ಅದು ಮಣ್ಣಲ್ಲಿ ಹನಿಹನಿಯಾಗಿ ಇಳಿಯುತ್ತ ಹೋದ ಬೇಸಿಗೆಯಲ್ಲಿ ನಮ್ಮ ಬಾವಿ ಮುಟ್ಟಿತು. ಟ್ಯಾಂಕಿನ ಪಕ್ಕದಲ್ಲೇ ಮೂಸುಗೊಳವೆ. ನೀವು ಅದಕ್ಕೆ ಏನನ್ನುತ್ತೀರೋ. ತಿಂಗಳಿಗೊಮ್ಮೆ ಅಂತರ್ಜಲ ಮೇಲೆತ್ತಿ, ಪೆಟ್ರೋಲ್ ಬೆರೆತಿದೆಯೇ ಎಂದು ಮೂಸಿ, ಪರೀಕ್ಷೆಗೆ ಕಳಿಸಲೆಂದು ಇಳಿಸಿದ ಕೊಳವೆ. ಮುಚ್ಚಳದ ಬೋಲ್ಟುಗಳ ಮೇಲೆ ಮೊದಲು ಬಳಿದ ಬಣ್ಣ ಹಾಗೇ ಅಂಟಿತ್ತು. ಒಂದು ಸಲವೂ ಪಾನಾ ತಾಗಿರಲಿಲ್ಲ.

ಏನು ಮಾಡುತ್ತಿದ್ದೆಯೋ ಮಾರಾಯಾ? ಬಿಸಿಲೆಂದು ನೆರಳು ಹಿಡಿದು ಕೂತೆಯಾ? ಎಲ್ಲ ಸರಿಯಿದೆ ಎಂದು ಕೂತಲ್ಲೇ ಗೀಚಿದೆಯಾ? ಕೈಗೆ ಸಿಕ್ಕಿದ್ದರೆ ಅದೇ ಪಾನಾದಿಂದ ನಿನ್ನ ಹಲ್ಲು ಉದುರಿಸುತ್ತಿದ್ದೆ. ಫಕೀರಪ್ಪನ ಮೇಲೆ ಬಿದ್ದ ಕಲ್ಲು ನಿನ್ನ ಮೇಲೆ ಬೀಳಬೇಕಿತ್ತು.

ಆದರೆ ನೀನು ಇದನ್ನು ಓದುವ ಹೊತ್ತಿಗೆ ಇವರ್ಯಾರೂ ಸತ್ತಿಲ್ಲ. ತೂತು ಇನ್ನೂ ಸೂಜಿಮೊನೆಯಷ್ಟಿದೆ. ಬೈದ ಬಾಯಲ್ಲೇ ಬೇಡುತ್ತೇನೆ, ನಿನ್ನ ಕಾಲು ಹಿಡಿಯುತ್ತೇನೆ ನನ್ನಪ್ಪಾ, ಏಳು. ಮುಚ್ಚಳ ಬಿಚ್ಚು, ನೀರೆತ್ತು, ಮೂಸು. ವಾಸನೆ ಬಂದರೆ ಮಾಲೀಕ ಏನಂದಾನು ಎಂದು ಬಾಯಿ ಮುಚ್ಚಿಕೊಳ್ಳಬೇಡ, ಊರಿಗೆಲ್ಲ ಕೇಳುವಂತೆ ಕೂಗು. ಕೆಲಸದಿಂದ ತೆಗೆದರೆ ತೆಗೆಯಲಿ. ನಿನಗೆ ಇನ್ನೊಂದು ನೌಕರಿ ಸಿಕ್ಕೀತು, ನನಗೆ ಇನ್ನೊಬ್ಬ ಹೊನ್ನವ್ವ ಸಿಗುವುದಿಲ್ಲ.

ಕಾಶವ್ವ