ತೂಗುವ ಕೋಣೆ

ಮನೆಯಿಂದ,
ಗುರುವಾರ, ಮಾರ್ಚ್ ಹದಿನಾರು

ಪ್ರೀತಿಯ ಗುಬ್ಬೀ,

ಹೇಗಿದ್ದೀಯ? ಕಾಲಿನ ಊತ ಇಳಿಯಿತಾ? ಮಲಗುವಾಗ ಪಾದದ ಕೆಳಗೆ ದಿಂಬು ಇಟ್ಟುಕೋ ಅಂದಿದ್ದೆ. ಇಟ್ಟುಕೊಂಡಿರಲ್ಲ ನೀನು, ಗೊತ್ತು ನನಗೆ. ಏಳನೇ ತಿಂಗಳು ಅಂದ್ರೆ ಹಾಗೇ ಕಣೇ, ಕೂತರೆ ಏಳೋಕಾಗಲ್ಲ, ಎದ್ದರೆ ಕೂರೋಕಾಗಲ್ಲ. ಅಳಿಯಂದಿರು ಅಡುಗೆ ಕಲೀತಿದ್ದಾರಂತೆ, ನಿಮ್ಮಪ್ಪ ಹೇಳಿದರು. ಸೀದುಹೋಗಿದ್ದರೂ ಬಾಯಿ ಮುಚ್ಚಿಕೊಂಡು ತಿನ್ನು, ಕೊಂಕು ತೆಗೆದರೆ ಮತ್ತೆ ಒಲೆ ಹತ್ತಿರ ಸುಳಿಯಲ್ಲ ಅವರು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೀವಿ. ನಿನ್ನ ತಮ್ಮ ಹಾಸ್ಟೆಲಿನಿಂದ ಆಗಾಗ ಫೋನ್ ಮಾಡ್ತಾನೆ, ಅದೂ ಬಿಳಿ ಅಂಗಿಗೆ ಬಣ್ಣ ಹತ್ತಿದರೆ ಏನು ಮಾಡಬೇಕು ಅಂತ ಕೇಳೋಕೆ.

ನೀನು ಕಳಿಸಿದ ಫೋಟೋ ನೋಡಿದೆ. ಚಿಕ್ಕ ಕೋಣೆಗೆ ಹಳದಿ ಬಣ್ಣ ಹೊಡೆಸಿ, ಒಂದು ಕಡೆ ತೊಟ್ಟಿಲು, ಅದರ ಪಕ್ಕಕ್ಕೇ ನನಗೊಂದು ಮಂಚ ಹಾಕಿಸಿದ್ದೀಯ. 'ನನ್ನ ರಜೆ ಮುಗಿದ ಮೇಲೆ ಮಗು ಸ್ಕೂಲಿಗೆ ಸೇರೋವರೆಗೂ ನೀನೇ ನೋಡ್ಕೋ ಅಮ್ಮಾ, ನೀನು ಹೇಗೂ ಫ್ರೀ ಅಲ್ವಾ' ಅಂದಿದ್ದೆ ಫೋನಿನಲ್ಲಿ. ನಾನು ಬಾಯಿ ತೆಗೆಯೋದರೊಳಗೆ ನಿಮ್ಮಪ್ಪ 'ಬರ್ತಾಳೆ ಬಿಡು, ಅವಳಿಗಿನ್ನೇನು ಕೆಲಸ' ಅಂದುಬಿಟ್ಟರು. ಅವತ್ತಿನಿಂದ ನನಗೆ ಊಟ ಸೇರ್ತಿಲ್ಲ. ನಿನ್ನ ಮೇಲೆ ಸಿಟ್ಟಲ್ಲ. ಸುಳ್ಳೇಕೆ ಹೇಳಲಿ, ಸ್ವಲ್ಪ ಸಿಟ್ಟೇ. ಯಾಕೆಂದರೆ ನನಗೆ ಕೆಲಸ ಸಿಕ್ಕಿದೆ ಕಣೇ. ನಿಮ್ಮಪ್ಪನಿಗೆ ಗೊತ್ತು, ಆದರೆ ಅವರ ಪಾಲಿಗೆ ಅದು ಹೊತ್ತು ಹೋಗದವರ ಕಾಲಕ್ಷೇಪ.

ಮಾರ್ಕೆಟ್ ಹಿಂದಿನ ಬೀದಿಯಲ್ಲಿ ನೀಲಿ ಶಟರಿನ ವರ್ಕ್‌ಶಾಪ್ ಇದೆಯಲ್ಲ, ಅಲ್ಲಿ. ಅಂಗಡಿಗಳ ತಕ್ಕಡಿ, ಔಷಧಿ ತೂಗುವ ಪುಟ್ಟ ಯಂತ್ರ ಎಲ್ಲ ಅಲ್ಲಿಗೆ ಬರ್ತವೆ, ಸರಿಯಾಗಿ ತೂಗ್ತವಾ ಅಂತ ನೋಡಿ ರಿಪೇರಿ ಮಾಡಿ ಕಳಿಸ್ತಾರೆ. 'ಕೆಲಸ ಕಲಿಯುವವರು ಬೇಕು, ಯಾವ ವಯಸ್ಸಿನವರಾದರೂ ಸರಿ' ಅಂತ ಬಾಗಿಲಿಗೆ ಚೀಟಿ ಅಂಟಿಸಿದ್ದರು. ತರಕಾರಿ ಚೀಲ ಹಿಡ್ಕೊಂಡು ಅದರ ಮುಂದೆ ಎಷ್ಟು ದಿನ ಮೀನಮೇಷ ಎಣಿಸಿದೆನೋ. ನಿನ್ನ ಅಮ್ಮ ಮದುವೆಗೆ ಮುಂಚೆ ಭೌತಶಾಸ್ತ್ರ ಓದಿದವಳು ಅನ್ನೋದು ಈ ಮನೆಯಲ್ಲಿ ಯಾರಿಗೆ ನೆನಪಿದೆ ಹೇಳು? ನನಗೇ ಮರೆತುಹೋಗಿತ್ತು. ಎಲ್ಲರೂ ಹೇಳೋದು ಒಂದೇ, ಶಿಶುವಿಹಾರ ಶುರು ಮಾಡು, ಮನೆಪಾಠ ಹೇಳು, ನಿನಗೆ ಮಕ್ಕಳು ಅಂದ್ರೆ ಪ್ರಾಣ ಅಲ್ವಾ ಅಂತ. ಪ್ರಾಣವೇ, ಇಲ್ಲ ಅಂದವರ್ಯಾರು? ಆದರೆ ನನಗೀಗ ಅಳದೇ ಇರೋ, ಜ್ವರ ಬರದೇ ಇರೋ, ಇಟ್ಟ ಕಡೆ ಇರೋ ವಸ್ತುವಿನ ಜೊತೆ ಕೆಲಸ ಮಾಡಬೇಕು ಅನ್ನಿಸಿದೆ.

ಇಂಟರ್ವ್ಯೂ ಕಥೆ ಕೇಳಿದರೆ ನಗ್ತೀಯ. ಅಲ್ಲಿನ ಮೇಸ್ತ್ರಿ, ಕನ್ನಡಕದ ಮೇಲಿಂದ ನೋಡೋ ಮನುಷ್ಯ, 'ಇಷ್ಟು ವರ್ಷ ಏನು ಮಾಡ್ತಿದ್ರಿ' ಅಂತ ಕೇಳಿದರು. ನಾನು ಸರಾಗವಾಗಿ ಶುರು ಮಾಡಿದೆ ನೋಡು. ಮೊದಲು ನಾವು ಸ್ಕೂಲಿಗೆ ಹೋಗೋಕೆ ತುಂಬಾ ಅಳ್ತಿದ್ವಿ, ಆಮೇಲೆ ಹತ್ತನೇ ಕ್ಲಾಸಿನಲ್ಲಿ ನಮಗೆ ಗಣಿತ ಕೈಕೊಟ್ಟಿತು, ಕಾಲೇಜಿಗೆ ಬಂದ ಮೇಲೆ ನಮಗೆ ಟೈಫಾಯ್ಡ್ ಆಗಿ ಒಂದು ವರ್ಷ ಹೋಯ್ತು... ಅವರು ಕೈ ಎತ್ತಿ ತಡೆದು, 'ಇದೆಲ್ಲ ಆಗಿದ್ದು ನಿಮಗಾ?' ಅಂದರು. ನಾನು ಹೇಳಿದ್ದೆಲ್ಲ ನಿಮ್ಮಿಬ್ಬರದು, ಮುಖ ಇಂಗು ತಿಂದ ಮಂಗನ ಹಾಗಾಯ್ತು. 'ನಿಮ್ಮ ಬಗ್ಗೆ ಹೇಳಿ' ಅಂದರು. ಗುಬ್ಬೀ, ನೀನು ಯಾವತ್ತು ಹೆಜ್ಜೆ ಇಟ್ಟೆ, ನಿನ್ನ ತಮ್ಮನಿಗೆ ಯಾವ ಔಷಧಿ ಒಗ್ಗಲ್ಲ, ಎಲ್ಲ ನಾಲಿಗೆ ತುದಿಯಲ್ಲಿದೆ. ನನ್ನದು ಅಂತ ಹೇಳೋಕೆ ಹೋದರೆ ತಲೆ ಪೂರ್ತಿ ಖಾಲಿ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆದರೂ ಒಂದು ವಾರ ಬಂದು ನೋಡಿ ಅಂದರು, ಹೋದೆ. ಒಳಗೊಂದು ತೂಗುವ ಕೋಣೆ ಇದೆ. ಗಾಳಿ ನುಗ್ಗಬಾರದು ಅಂತ ಅದಕ್ಕೆ ಎರಡೆರಡು ಬಾಗಿಲು. ಅಲ್ಲಿನ ಹಿತ್ತಾಳೆಯ ತೂಕದ ಬಟ್ಟುಗಳನ್ನು ಬರಿಗೈಯಲ್ಲಿ ಮುಟ್ಟೋ ಹಾಗಿಲ್ಲ, ಕೈಬೆವರು ಹತ್ತಿದರೂ ತೂಕ ಬದಲಾಗುತ್ತೆ, ಚಿಮುಟದಲ್ಲೇ ಎತ್ತಬೇಕು. ಎರಡನೇ ದಿನ ಒಂದು ಬಟ್ಟಿನ ಮೇಲೆ ಕಲೆ ಕಾಣಿಸಿತು. ಕೈಯಲ್ಲಿ ಹಿಡಿದು, 'ಹಾ' ಅಂತ ಬಾಯಿಂದ ಉಸಿರು ಬಿಟ್ಟು, ಸೆರಗಿನಿಂದ ಗಸಗಸ ಒರೆಸಿಬಿಟ್ಟೆ! ಮೇಸ್ತ್ರಿ ಕಿರುಚಿದ್ದು ಬೀದಿಗೆ ಕೇಳಿಸಿರಬೇಕು. 'ಅದೇನು ಮಗು ಮೂತೀನಾ ಅಮ್ಮಾ, ಉಜ್ಜೋಕೆ?' ಅಲ್ಲೇ ಕೆಲಸ ಕಲೀತಿರೋ ನಿನ್ನ ವಯಸ್ಸಿನ ಇಬ್ಬರು ಹುಡುಗಿಯರು ತಲೆ ತಗ್ಗಿಸಿಕೊಂಡು ನಕ್ಕರು. ಇನ್ನು ಈ ಕಡೆ ತಲೆ ಹಾಕಿ ಮಲಗಲ್ಲ ಅಂದುಕೊಂಡೆ. ಮಾರನೇ ದಿನ ಕಾಲು ತಾನಾಗೇ ಹೋಯ್ತು. ವಾರದ ಕೊನೆಗೆ ಅವರೇ, 'ನಾನು ಬೈದ ಮೇಲೆ ವಾಪಸ್ ಬಂದವರು ಕಡಿಮೆ, ಇಪ್ಪತ್ತನೇ ತಾರೀಕು ಸೋಮವಾರದಿಂದ ಸೇರಿಕೊಳ್ಳಿ, ಎಂಟು ತಿಂಗಳು ಕಲಿಯೋದಿದೆ, ಮಧ್ಯ ಬಿಟ್ಟರೆ ಮತ್ತೆ ಸೇರಿಸಲ್ಲ' ಅಂದರು.

ಆ ಕೋಣೆಯಲ್ಲಿ ತಕ್ಕಡಿಯ ಮುಳ್ಳು ನಿಲ್ಲೋವರೆಗೂ ಯಾರೂ ಮಾತಾಡಬಾರದು. ಯಾರೂ ನನ್ನನ್ನ ಕರೆಯಲ್ಲ. ಅದು ಎಷ್ಟು ಹಿತ ಅನ್ನಿಸುತ್ತೆ ಅಂದರೆ, ಹೇಳಿಕೊಳ್ಳೋಕೆ ನಾಚಿಕೆ. ಮರುಕ್ಷಣವೇ ನಿನ್ನ ಹಳದಿ ಕೋಣೆ ಕಣ್ಣಿಗೆ ಕಟ್ಟುತ್ತೆ. ನಿಮ್ಮಪ್ಪ 'ಮೊಮ್ಮಗುವಿಗಿಂತ ತಕ್ಕಡಿ ಹೆಚ್ಚಾಯ್ತಾ' ಅಂದು ಮುಖ ಊದಿಸಿಕೊಂಡಿದ್ದಾರೆ, ಅದನ್ನ ತಡ್ಕೋತೀನಿ. ತಡೆಯೋಕಾಗದ್ದು ಬೇರೆ. ನಾನು ಬರದೇ ಹೋಗಿ ನೀನು ಕೆಲಸ ಬಿಟ್ಟು ಕೂತರೆ? ನಾಳೆ ಯಾರೋ ನಿನ್ನನ್ನ 'ಇಷ್ಟು ವರ್ಷ ಏನು ಮಾಡ್ತಿದ್ರಿ' ಅಂತ ಕೇಳಿದರೆ? ಇದಕ್ಕೊಂದು ದಾರಿ ಹುಡುಕಿ ಹುಡುಕಿ ಸಾಕಾಯ್ತು.

ಮೈ ಕೈ ಜೋಪಾನ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡ್ಕೋ. ಅಳಿಯಂದಿರಿಗೆ ನನ್ನ ಆಶೀರ್ವಾದ, ಹೊಟ್ಟೆಯೊಳಗಿನ ತುಂಟನಿಗೋ ತುಂಟಿಗೋ ಒಂದು ಮುತ್ತು.

ನಿನ್ನ
ಅಮ್ಮ

ತಾ.ಕ.: ಪಕ್ಕದ ಮನೆಯವರು ಪೋಸ್ಟ್ ಆಫೀಸಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಹೇಳಿಬಿಡ್ತೀನಿ. ನಾನು ಬರೋದಿಲ್ಲ ಗುಬ್ಬೀ. ಹೆರಿಗೆಗೆ ಬರ್ತೀನಿ, ಮೇಸ್ತ್ರಿ ಹತ್ತಿರ ಹತ್ತು ದಿನದ ರಜೆ ಬೇಡಿಕೊಂಡಿದ್ದೀನಿ, ಆಮೇಲೆ ವಾಪಸ್. ಮಂಚ ತೆಗೆಸಿಬಿಡು. ಮಗು ನೋಡಿಕೊಳ್ಳೋರನ್ನ ಹುಡುಕೋಣ, ಆದರೆ ನೀನು ಮಾತ್ರ ಕೆಲಸ ಬಿಡಬೇಡ. ಬೈಕೋ, ಅಳು, ನಿಮ್ಮಪ್ಪನ ಹತ್ತಿರ ದೂರು ಹೇಳು. ನಾನು ಕೆಲಸಕ್ಕೆ ಸೇರೋ ಸೋಮವಾರ ಸಂಜೆವರೆಗೂ ನನಗೆ ಮಾತ್ರ ಫೋನ್ ಮಾಡಬೇಡ. ನೀನು ಒಂದು ಸಲ 'ಅಮ್ಮಾ' ಅಂದರೆ ಸಾಕು, ಬಟ್ಟೆ ತುಂಬಿಕೊಂಡು ಹೊರಟುಬಿಡ್ತೀನಿ ನಾನು.