ಕೆರೆಯ ಮೇಲಿನ ಕೆಂಪು ತ್ರಿಕೋನಗಳು

ವರ್ಲಿನ್,

ನಾಯಿಗೆ ಊಟ ಹಾಕಿದ್ದೇನೆ. ಮತ್ತೆ ಗೋಗರೆದರೆ ನಂಬಬೇಡ.

ನೀನು ಎದ್ದವನೇ ಕೆರೆಗೆ ಹೋಗು. ಮಂಜುಗಡ್ಡೆಯಲ್ಲಿ ಮೀನಿಗೆಂದು ಕೊರೆದ ತೂತಿನ ಸುತ್ತ ಗುರುತಿಗೆ ಇಟ್ಟಿದ್ದೀಯಲ್ಲ, ಆ ಕೆಂಪು ತ್ರಿಕೋನಗಳನ್ನು ವಾಪಸ್ ತಾ. ಅವು ನನ್ನ ಟೋಯಿಂಗ್ ಗಾಡಿಯವು, ರಸ್ತೆಯಲ್ಲಿ ಕೆಟ್ಟು ನಿಂತ ವಾಹನದ ಹಿಂದೆ ಎಚ್ಚರಿಕೆಗೆ ಇಡುವಂಥವು. ಕೇಳಿದ್ದರೆ ಹಳೇ ಬಕೆಟ್ ಕೊಡುತ್ತಿದ್ದೆ.

ನಿನ್ನೆ ಹೆದ್ದಾರಿ ತಿರುವಿನಲ್ಲಿ ಕೆಟ್ಟು ನಿಂತ ವ್ಯಾನಿನ ಹಿಂದೆ ಅವನ್ನು ಇಡೋಣವೆಂದು ಪೆಟ್ಟಿಗೆ ತೆರೆದರೆ ಒಳಗೆ ನಿನ್ನ ಗಾಳ! ವ್ಯಾನಿನ ಅಜ್ಜಿಯನ್ನು ರಸ್ತೆಯಿಂದ ದೂರ ನಿಲ್ಲಿಸಿ, ನನ್ನ ಕೆಂಪು ಕೋಟು ಬಿಚ್ಚಿ ಸಲಿಕೆಗೆ ಸಿಕ್ಕಿಸಿ ವ್ಯಾನಿನ ಹಿಂದೆ ಹಿಮದಲ್ಲಿ ನೆಟ್ಟು ಬಂದೆ.

"ಚಳಿಗೆ ಸಾಯ್ತೀಯಲ್ಲೇ ಹುಡುಗಿ!" ಅಂತ ಅಜ್ಜಿ ಬೈಯುತ್ತಿದ್ದಳು. ಅಷ್ಟರಲ್ಲಿ ಲಾರಿ ಬಂತು. ಡ್ರೈವರ್ ಕೋಟು ಕಂಡು ಬ್ರೇಕ್ ಒತ್ತಿದ, ಲಾರಿ ಜಾರಿ ಕೋಟಿನ ಮೇಲೇ ಹತ್ತಿ ನಿಂತಿತು.

ಕೋಟು ಬಾಗಿಲ ಹಿಂದಿದೆ. ಒಗೆಯಬೇಡ. ಬೆನ್ನಿನ ಮೇಲಿನ ಚಕ್ರದ ಗುರುತು ನೋಡು. ಒಳಗೆ ನಾನಿರಲಿಲ್ಲ, ಅಷ್ಟೇ.

ಮಾರ್ಲಿಸ್