ಶಿಸ್ತಿನ ಕೊಳೆ

ಮೇಷ್ಟ್ರೇ, ಸತ್ತವರ ಮುಂದೆ ಬೀಗುವುದು ಸಣ್ಣತನ ಅಂತೀರಾ? ಸಣ್ಣತನ ನಿಮ್ಮಿಂದಲೇ ಕಲಿತದ್ದು.

"ಹುಟ್ಟಿದ ಮೇಲೆ ಮೆದುಳಿನ ಕೋಶ ಹೊಸ ಡಿಎನ್‌ಎ ಮಾಡೋದಿಲ್ಲಮ್ಮಾ. ಈ ಚುಕ್ಕೆಗಳೆಲ್ಲ ಕೊಳೆ. ಮೊದಲು ಗಾಜು ತೊಳೆಯೋದು ಕಲಿ," ಎಂದು ಅವತ್ತು ಲ್ಯಾಬಿನಲ್ಲಿ ಎಲ್ಲರೆದುರು ನನ್ನ ಸ್ಲೈಡುಗಳನ್ನು ಸಿಂಕಿಗೆ ಸುರಿದಿರಿ.

ಇವತ್ತು ಅದೇ ಪ್ರಯೋಗವನ್ನು ಮತ್ತೆ ಮಾಡಿದೆ. ಹೊಸ ಡಿಎನ್‌ಎ ಕಟ್ಟುತ್ತಿರುವ, ಅಂದರೆ ಎರಡಾಗಲು ಹೊರಟ ಕೋಶದ ಮೇಲೆ ಮಾತ್ರ ಕಪ್ಪು ಚುಕ್ಕೆ ಮೂಡಬೇಕು. ಎಳೆಯ ಇಲಿಮರಿಯ ಮೆದುಳಿನಲ್ಲಿ ಚುಕ್ಕೆಗಳು ಒಂದೊಂದು ಕೋಶದ ನಟ್ಟನಡುವೆ ಗುಂಪಾಗಿ ಕೂತಿದ್ದವು. ಆಚೀಚೆ ಗಾಜು ಸ್ವಚ್ಛ. ಎಂಥ ಶಿಸ್ತಿನ ಕೊಳೆ, ಮೇಷ್ಟ್ರೇ! ವಿಳಾಸ ಕೇಳಿಕೊಂಡು ಬಂದು ಕೂರುವ ಕೊಳೆ!

ನಿಮ್ಮ ಕುರ್ಚಿಯಲ್ಲೇ ಕೂತು ನೋಡಿ ನಕ್ಕೆ. ಏಳುವಾಗ ಕೈ ನೀವಿದ್ದಾಗಿನಂತೆಯೇ ಸೂಕ್ಷ್ಮದರ್ಶಕದ ಎಡಗಣ್ಣಿನ ಮಸೂರವನ್ನು ನಿಮ್ಮ ಕಣ್ಣಿಗೆ ಹೊಂದುವಷ್ಟು ತಿರುಗಿಸಿಟ್ಟಿತು.

ಸ್ಲೈಡನ್ನು ತೆಗೆಯಲಿಲ್ಲ.